ನೈಟ್‌ಮೇರ್ ಕಿಂಗ್ ಗ್ರಿಮ್‌ನನ್ನು ಸೋಲಿಸಿ 'ರಿಚುಯಲ್' ಅಚೀವ್‌ಮೆಂಟ್ ಪಡೆಯುವುದು ಹೇಗೆ

'ಹಾಲೋ ನೈಟ್' ಆಟದಲ್ಲಿ ಗ್ರಿಮ್ ಜೊತೆ ಎರಡು ಕಾದಾಟಗಳಿವೆ. ಮೊದಲನೆಯದು ಟೆಂಟಿನ ವೇದಿಕೆಯ ಮೇಲೆ, ಟ್ರೂಪ್ ಮಾಸ್ಟರ್ ಗ್ರಿಮ್ ಜೊತೆ. ಅದನ್ನು ಗೆದ್ದರೆ 'ಗ್ರ್ಯಾಂಡ್ ಪರ್ಫಾರ್ಮೆನ್ಸ್' ಸಿಗುತ್ತದೆ. ಎರಡನೆಯದು ಅವನ ಕನಸಿನೊಳಗೆ, ನೈಟ್‌ಮೇರ್ ಕಿಂಗ್ ಗ್ರಿಮ್ ಜೊತೆ. ಅದರದ್ದು 'ರಿಚುಯಲ್'. 2017ರ ಅಕ್ಟೋಬರ್‌ನಲ್ಲಿ ಟೀಮ್ ಚೆರ್ರಿಯವರು ಉಚಿತವಾಗಿ ಕೊಟ್ಟ 'ದಿ ಗ್ರಿಮ್ ಟ್ರೂಪ್' ಕಂತಿನ ಕೊನೆಯ ಬಾಸ್ ಇವನು. ಮೊದಲ ಗ್ರಿಮ್‌ನನ್ನು ಸಲೀಸಾಗಿ ಮುಗಿಸಿದವರೂ ಇವನ ಮುಂದೆ ಅರ್ಧ ನಿಮಿಷ ನಿಲ್ಲಲಾಗದೆ ಕಂಟ್ರೋಲರ್ ಕೆಳಗಿಡುವುದನ್ನು ನೋಡಿದ್ದೇನೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬಾಸ್ ಬಳಿ ಇರುವುದು ಆರೇ ಆರು ವರಸೆ. ಪ್ರತಿಯೊಂದಕ್ಕೂ ಒಂದು ಉತ್ತರವಿದೆ, ಆ ಉತ್ತರದ ಕೊನೆಯಲ್ಲಿ ನಿಮಗೆ ಒಂದು ಏಟು ಹಾಕುವ ಜಾಗವಿದೆ. ಆ ಒಂದು ಏಟಿಗೆ ತೃಪ್ತಿಪಟ್ಟುಕೊಂಡು ಮುಂದಿನ ವರಸೆಗೆ ಕಾಯುವವರು ಗೆಲ್ಲುತ್ತಾರೆ. ಎರಡನೇ ಏಟಿನ ಆಸೆಗೆ ನಿಂತವರು, ಸಿಕ್ಕಿದ ಕಡೆಯೆಲ್ಲ ಹೀಲ್ ಮಾಡಲು ಹೋದವರು ಸಾಯುತ್ತಾರೆ. ಕೈಯ ವೇಗಕ್ಕಿಂತ ಈ ಶಿಸ್ತು ದೊಡ್ಡದು ಎಂಬುದನ್ನು ನಾನು ಪೂರ್ತಿ ನಂಬಿದ್ದೇನೆ.

ಕಾದಾಟಕ್ಕೆ ಇಳಿಯುವ ಮೊದಲು ಎರಡು ಎಚ್ಚರಿಕೆ. ಇವೆರಡೂ ಆಮೇಲೆ ತಿದ್ದಲು ಬಾರದಂಥವು.

ಒಂದು, ಬ್ರಮ್ ವಿಷಯ. ಟೆಂಟಿನೊಳಗೆ ಅಕಾರ್ಡಿಯನ್ ನುಡಿಸುವ ಆ ಬ್ರಮ್, ಕಥೆಯ ಕೊನೆಯ ಹಂತದಲ್ಲಿ ಗ್ರಿಮ್ ತಂಡದ ಈ ಆಚರಣೆಯನ್ನೇ ನಿಲ್ಲಿಸೋಣ ಎಂದು ನಿಮ್ಮನ್ನು ಕೇಳಿಕೊಳ್ಳುತ್ತಾನೆ. ಅವನ ಮಾತಿಗೆ ಒಪ್ಪಿ ಹೌಲಿಂಗ್ ಕ್ಲಿಫ್ಸ್‌ನಲ್ಲಿರುವ ದೀಪವನ್ನು ಒಡೆದರೆ 'ಬ್ಯಾನಿಶ್‌ಮೆಂಟ್' ಎಂಬ ಬೇರೆ ಅಚೀವ್‌ಮೆಂಟ್ ಬರುತ್ತದೆ, ಕೇರ್‌ಫ್ರೀ ಮೆಲಡಿ ಚಾರ್ಮ್ (ಧರಿಸಿದರೆ ವಿಶೇಷ ಶಕ್ತಿ ಕೊಡುವ ತಾಯಿತ) ಸಿಗುತ್ತದೆ, ತಂಡ ಊರು ಬಿಡುತ್ತದೆ. ಆ ಸೇವ್‌ನಲ್ಲಿ 'ರಿಚುಯಲ್' ದಾರಿ ಅಲ್ಲಿಗೆ ಮುಚ್ಚಿತು. ಎರಡೂ ಬೇಕೆನ್ನುವವರು ಎರಡು ಸೇವ್ ಇಟ್ಟುಕೊಳ್ಳಬೇಕು. ಆಟದಲ್ಲಿ ನಾಲ್ಕು ಸ್ಲಾಟ್ ಇವೆ, ಜಾಗಕ್ಕೆ ಬರವಿಲ್ಲ.

ಎರಡು, ಡಿವೈನ್. ದೊಡ್ಡ ಟೆಂಟಿನ ಪಕ್ಕದ ಸಣ್ಣ ಟೆಂಟಿನಲ್ಲಿ ಇರುವವಳು. ಲೆಗ್ ಈಟರ್ ಎಂಬ ವ್ಯಾಪಾರಿಯ ಬಳಿ ಕೊಂಡ, ಸತ್ತರೆ ಒಡೆಯುವ ಫ್ರಾಜೈಲ್ ಚಾರ್ಮ್‌ಗಳನ್ನು ಜಿಯೋ (ಆಟದ ಹಣ) ತೆಗೆದುಕೊಂಡು ಶಾಶ್ವತವಾಗಿ ಗಟ್ಟಿ ಮಾಡಿಕೊಡುತ್ತಾಳೆ: ಸ್ಟ್ರೆಂತ್‌ಗೆ 15,000, ಹಾರ್ಟ್‌ಗೆ 12,000, ಗ್ರೀಡ್‌ಗೆ 9,000. ನೀವು ಗೆದ್ದ ಮೇಲೆ ತಂಡದ ಜೊತೆ ಅವಳೂ ಹೊರಟುಹೋಗುತ್ತಾಳೆ. ಬೇಕಾದ ಚಾರ್ಮ್ ಕೆಲಸವನ್ನೆಲ್ಲ ಗೆಲ್ಲುವ ಮುಂಚೆಯೇ ಮುಗಿಸಿಕೊಳ್ಳಿ. ಕನಿಷ್ಠ ಸ್ಟ್ರೆಂತ್ ಒಂದನ್ನಾದರೂ ಮಾಡಿಸಿಕೊಳ್ಳಿ. ಉಳಿದ ಆಟಕ್ಕೂ ಅದು ಬೇಕಾಗುತ್ತದೆ.

ಅಲ್ಲಿಗೆ ತಲುಪುವ ದಾರಿ ಸರಳ. ಹೌಲಿಂಗ್ ಕ್ಲಿಫ್ಸ್‌ನ ಗುಹೆಯಲ್ಲಿ ಸತ್ತು ಬಿದ್ದಿರುವ ದೊಡ್ಡ ಹುಳುವಿಗೆ ಡ್ರೀಮ್ ನೇಲ್ (ಕನಸಿನೊಳಗೆ ಹೊಗಿಸುವ ಆಯುಧ) ಹೊಡೆದು, ದೀಪ ಹೊತ್ತಿಸಿದರೆ ಡರ್ಟ್‌ಮೌತ್ ಊರಿನಲ್ಲಿ ಟೆಂಟು ಏಳುತ್ತದೆ. ಅಲ್ಲಿ ಗ್ರಿಮ್ ಕೊಡುವ ಗ್ರಿಮ್‌ಚೈಲ್ಡ್ ಚಾರ್ಮ್ ಹಾಕಿಕೊಂಡು ಮ್ಯಾಪ್‌ನಲ್ಲಿ ಕಾಣುವ ಜ್ವಾಲೆಗಳನ್ನು ಮೂರು ಮೂರರಂತೆ ಮೂರು ಸುತ್ತು ತರಬೇಕು. ಎರಡನೇ ಸುತ್ತಿನ ನಂತರ ಟ್ರೂಪ್ ಮಾಸ್ಟರ್ ಗ್ರಿಮ್, ಮೂರನೇ ಸುತ್ತಿನ ನಂತರ ಮಲಗಿರುವ ಗ್ರಿಮ್. ಮಲಗಿದವನಿಗೆ ಡ್ರೀಮ್ ನೇಲ್ ಹೊಡೆದರೆ ಕಾದಾಟ ಶುರು.

ಮೊದಲ ಗ್ರಿಮ್‌ನನ್ನು ಗೆಲ್ಲುವ ಆತುರ ಬೇಡ ಎಂದು ನನ್ನ ಸಲಹೆ. ಕನಸಿನ ಗ್ರಿಮ್ ಬಳಸುವ ವರಸೆಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಅವನ ಬಳಿಯೂ ಇವೆ. ಅವನು ನಿಧಾನ, ಅವನ ಏಟಿಗೆ ಹೋಗುವುದು ಒಂದೇ ಮಾಸ್ಕ್ (ನಿಮ್ಮ ಜೀವದ ಅಳತೆ). ಅಲ್ಲೇ ಅವನ ಮೈಯ ಭಾಷೆಯನ್ನು ಕಣ್ಣಿಗೆ ರೂಢಿ ಮಾಡಿಕೊಂಡರೆ ಮುಂದೆ ಅರ್ಧ ಕೆಲಸ ಹಗುರ.

ಈಗ ಸಿದ್ಧತೆ. ನೇಲ್ (ನಿಮ್ಮ ಕತ್ತಿ) ಕೊನೆಯ ಹಂತದ್ದಿರಲಿ, ಅಂದರೆ ಪ್ಯೂರ್ ನೇಲ್. ಅದಕ್ಕೆ ಸಿಟಿ ಆಫ್ ಟಿಯರ್ಸ್‌ನ ನೇಲ್‌ಸ್ಮಿತ್‌ಗೆ 3 ಪೇಲ್ ಓರ್ (ಅಪರೂಪದ ಅದಿರು), 4,000 ಜಿಯೋ ಕೊಡಬೇಕು. ಒಂದೇಟಿಗೆ 21 ಡ್ಯಾಮೇಜ್. ಇದರ ಹಿಂದಿನ ಕಾಯಿಲ್ಡ್ ನೇಲ್‌ನಲ್ಲೂ (17) ಗೆಲ್ಲಬಹುದು, ಕಾದಾಟ ಉದ್ದವಾಗುತ್ತದೆ ಅಷ್ಟೆ. ಶೇಡ್ ಕ್ಲೋಕ್ ಇಲ್ಲದೆ ಮಾತ್ರ ಹೋಗಬೇಡಿ. ಅವನ ಮೈಯೊಳಗಿಂದಲೇ ಡ್ಯಾಶ್ ಮಾಡಿ ಆಚೆ ಹೋಗುವುದು ಈ ಕಾದಾಟದ ಜೀವಾಳ. ಅದು ಅಬಿಸ್‌ನಲ್ಲಿ ಸಿಗುತ್ತದೆ. ಅಲ್ಲಿಯೇ ಅಬಿಸ್ ಶ್ರೀಕ್ ಎಂಬ ಮೇಲಕ್ಕೆ ಹೊಡೆಯುವ ಸ್ಪೆಲ್ ಕೂಡ ಇದೆ, ಅದರ ಮೊದಲ ರೂಪವಾದ, ಫಾಗ್ ಕ್ಯಾನಿಯನ್ ಬಳಿ ಸಿಗುವ ಹೌಲಿಂಗ್ ರೇತ್ಸ್ ಮೊದಲೇ ಕೈಲಿದ್ದರೆ. ಕ್ರಿಸ್ಟಲ್ ಪೀಕ್‌ನ ಡಿಸೆಂಡಿಂಗ್ ಡಾರ್ಕ್ (ಕೆಳಕ್ಕೆ ಹೊಡೆಯುವ ಸ್ಪೆಲ್) ಕೂಡ ತಂದುಕೊಳ್ಳಿ.

ಚಾರ್ಮ್ ವಿಷಯದಲ್ಲಿ ಜನ ಬಹಳ ಜಗಳವಾಡುತ್ತಾರೆ. ನನ್ನ ಆಯ್ಕೆ ಸ್ಪಷ್ಟ: ಶಾಮನ್ ಸ್ಟೋನ್ (3 ನಾಚ್, ಅಂದರೆ ಚಾರ್ಮ್ ಕೂರಿಸುವ ಜಾಗ), ಸ್ಪೆಲ್ ಟ್ವಿಸ್ಟರ್ (2), ಅನ್‌ಬ್ರೇಕಬಲ್ ಸ್ಟ್ರೆಂತ್ (3), ಕ್ವಿಕ್ ಸ್ಲಾಶ್ (3). ಒಟ್ಟು 11. ಆಟದಲ್ಲಿ ಸಿಗುವ ಎಲ್ಲ ನಾಚ್ ಇದ್ದರೆ ಇದು ಅಳತೆ ಹಿಡಿದಂತೆ ಕೂರುತ್ತದೆ. ಕಾರಣ ಲೆಕ್ಕದಲ್ಲಿದೆ. ಅಬಿಸ್ ಶ್ರೀಕ್ ಪೂರ್ತಿ ತಾಗಿದರೆ 80 ಡ್ಯಾಮೇಜ್, ಶಾಮನ್ ಸ್ಟೋನ್ ಇದ್ದರೆ 120. ಸ್ಪೆಲ್‌ಗೆ ಸಾಮಾನ್ಯವಾಗಿ 33 ಸೋಲ್ (ಸ್ಪೆಲ್‌ಗೂ ಹೀಲ್‌ಗೂ ಬೇಕಾದ ಶಕ್ತಿ) ಖರ್ಚಾಗುತ್ತದೆ, ಸ್ಪೆಲ್ ಟ್ವಿಸ್ಟರ್ ಹಾಕಿದರೆ 24. ಮೂರೂ ಸೋಲ್ ವೆಸೆಲ್ (ಹೆಚ್ಚಿನ ಸೋಲ್ ತುಂಬುವ ಪಾತ್ರೆ) ಇರುವವರ ಬಳಿ ತುಂಬಿದಾಗ 198 ಸೋಲ್ ಇರುತ್ತದೆ. ಅಂದರೆ ಆರು ಸ್ಪೆಲ್ ಬದಲು ಎಂಟು. ಸ್ಟ್ರೆಂತ್ ಇದ್ದರೆ ನೇಲ್‌ನ ಪ್ರತಿ ಏಟೂ ಒಂದೂವರೆ ಪಟ್ಟು. ಪ್ರತಿ ಏಟಿಗೆ 11 ಸೋಲ್ ವಾಪಸ್ ಬರುತ್ತದೆ, ಹಾಗಾಗಿ ಎರಡು ಮೂರು ಏಟಿಗೊಂದು ಶ್ರೀಕ್ ಸಿಕ್ಕಂತಾಯಿತು. ಸ್ಪೆಲ್ ಬಳಸಿ ಗೆಲ್ಲುವುದು ನಿಜವಾದ ಗೆಲುವಲ್ಲ ಎನ್ನುವವರ ಮಾತಿಗೆ ಕಿವಿ ಕೊಡಬೇಡಿ. ಆಟ ಕೊಟ್ಟ ಆಯುಧ, ಕಷ್ಟಪಟ್ಟು ಹುಡುಕಿ ತಂದದ್ದು, ಬಳಸಬೇಕು.

ಓವರ್‌ಚಾರ್ಮ್ ಮಾಡಿಕೊಂಡು, ಅಂದರೆ ಇರುವ ನಾಚ್ ಮೀರಿ ಚಾರ್ಮ್ ಹಾಕಿಕೊಂಡು ಹೋಗಲೇಬೇಡಿ. ಈ ಗ್ರಿಮ್‌ನ ಪ್ರತಿ ಏಟಿಗೂ ಎರಡು ಮಾಸ್ಕ್ ಹೋಗುತ್ತದೆ. ಓವರ್‌ಚಾರ್ಮ್ ಆದರೆ ಅದು ನಾಲ್ಕು. ಮೂರನೇ ಏಟಿಗೆ ಆಟ ಮುಗಿಯಿತು.

ಈ ಎರಡು ಮಾಸ್ಕ್ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಲ್ಲಿ ಬಹಳ ಜನ ಲೆಕ್ಕ ತಪ್ಪುತ್ತಾರೆ. ನಿಮ್ಮ ಬಳಿ 9 ಮಾಸ್ಕ್ ಇವೆ ಎಂದಿಟ್ಟುಕೊಳ್ಳಿ. ಒಂದೊಂದೇ ಏಟಿಗೆ 7, 5, 3, 1 ಎಂದು ಇಳಿಯುತ್ತದೆ. ಐದನೇ ಏಟಿಗೆ ಸಾವು. ಈಗ 1 ಮಾಸ್ಕ್ ಉಳಿದಿದೆ, ಗಾಬರಿಯಲ್ಲಿ ಫೋಕಸ್ ಹಿಡಿದು ಒಂದು ಮಾಸ್ಕ್ ಹೀಲ್ ಮಾಡಿದಿರಿ. 2 ಆಯಿತು. ಮುಂದಿನ ಏಟಿಗೆ ಆ ಎರಡೂ ಹೋಗುತ್ತವೆ, ಸಾಯುತ್ತೀರಿ. ಅಂದರೆ ಆ ಹೀಲ್‌ನಿಂದ ಬಂದದ್ದು ಏನೂ ಇಲ್ಲ, 33 ಸೋಲ್ ಮಣ್ಣುಪಾಲು. ಮಾಸ್ಕ್ 3 ಆದರೆ ಮಾತ್ರ ಇನ್ನೊಂದು ಏಟು ತಡೆಯುತ್ತೀರಿ. ಅಂದರೆ ಇವನ ಎದುರು ಹೀಲ್ ಎಂದರೆ ಯಾವಾಗಲೂ ಜೋಡಿ: ಎರಡು ಫೋಕಸ್, 66 ಸೋಲ್. ಸ್ಪೆಲ್ ಟ್ವಿಸ್ಟರ್ ಹೀಲ್‌ನ ಖರ್ಚನ್ನು ತಗ್ಗಿಸುವುದಿಲ್ಲ. ಅದೇ 66 ಸೋಲ್‌ನಲ್ಲಿ ನೀವು ಎರಡು ಶ್ರೀಕ್ ಹಾಕಿ 240 ಡ್ಯಾಮೇಜ್ ಕೊಟ್ಟು ಇನ್ನೂ ಸ್ವಲ್ಪ ಸೋಲ್ ಉಳಿಸಿಕೊಳ್ಳಬಹುದು. ಈ ಲೆಕ್ಕ ತಲೆಗೆ ಹೋದ ದಿನದಿಂದ ನಾನು ಆಡುವ ರೀತಿಯೇ ಬದಲಾಯಿತು. ಎರಡು ಮಾಸ್ಕ್ ತುಂಬಿಕೊಳ್ಳುವಷ್ಟು ಪೂರ್ತಿ ಬಿಡುವು ಕಂಡರೆ ಹೀಲ್, ಇಲ್ಲವಾದರೆ ಸೋಲ್ ಎಲ್ಲ ಏಟಿಗೆ.

ಫ್ರಾಜೈಲ್ ಹಾರ್ಟ್ ಅಥವಾ ಅನ್‌ಬ್ರೇಕಬಲ್ ಹಾರ್ಟ್ ಹಾಕಿದರೆ 11 ಮಾಸ್ಕ್, ಒಂದು ಏಟು ಹೆಚ್ಚು ತಡೆಯಬಹುದು. ಇನ್ನೂ ವರಸೆ ಕಲಿಯುತ್ತಿರುವವರು ಕ್ವಿಕ್ ಸ್ಲಾಶ್ ಬದಲು ಹಾರ್ಟ್ ಹಾಕಿಕೊಳ್ಳುವುದು ಒಳ್ಳೆಯದೇ.

ಇನ್ನು ಕಲಿಯುವ ಕ್ರಮ. ಇದು ಕನಸಿನ ಕಾದಾಟ. ಸತ್ತರೆ ಶೇಡ್ (ಸತ್ತಲ್ಲಿ ಉಳಿಯುವ ನಿಮ್ಮ ನೆರಳು) ಬೀಳುವುದಿಲ್ಲ, ಒಂದು ಜಿಯೋ ಕೂಡ ಹೋಗುವುದಿಲ್ಲ, ಮಲಗಿದ ಗ್ರಿಮ್‌ನ ಪಕ್ಕದಲ್ಲೇ ಎಚ್ಚರವಾಗುತ್ತದೆ. ಈ ಅನುಕೂಲವನ್ನು ಪೂರ್ತಿ ಬಳಸಿಕೊಳ್ಳಿ. ಮೊದಲ ಒಂದಷ್ಟು ಸಲ ನೇಲ್ ಬಟನ್ ಮುಟ್ಟಲೇಬೇಡಿ. ಬರೀ ತಪ್ಪಿಸಿಕೊಳ್ಳಿ. ಅವನು ಎಲ್ಲಿ ಪ್ರತ್ಯಕ್ಷನಾದ, ನೆಲದ ಮೇಲೋ ಗಾಳಿಯಲ್ಲೋ, ಕೇಪ್ ಹೇಗಿದೆ, ಅಷ್ಟನ್ನೇ ನೋಡಿ.

ನನಗೆ ನೆರವಾದದ್ದು ನನ್ನ ತಂಗಿ. ಅವಳು ಆಟ ಆಡುವುದಿಲ್ಲ, ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಒಂದು ಸಂಜೆ ಅವಳೇ ವರಸೆಗಳಿಗೆ ಹೆಸರಿಟ್ಟು ಕೂಗಲು ಶುರುಮಾಡಿದಳು: ಬಾವಲಿ, ಎರಗು, ಗುಮ್ಮು, ಮುಳ್ಳು, ಕಂಬ, ಬಲೂನು. ಅವಳ ಬಾಯಿಂದ "ಗುಮ್ಮು!" ಎಂದು ಬಂದ ಕೂಡಲೇ ನನ್ನ ಬೆರಳು ಡ್ಯಾಶ್ ಮೇಲೆ ಹೋಗುತ್ತಿತ್ತು. ಆಮೇಲೆ ನಾನೇ ಬಾಯಿಬಿಟ್ಟು ಹೇಳಿಕೊಳ್ಳತೊಡಗಿದೆ. ನೀವೂ ಹಾಗೆ ಮಾಡಿ. ಎರಡಕ್ಷರ, ಮೂರಕ್ಷರದ ಹೆಸರು ಸಾಕು, ಜೋರಾಗಿ ಹೇಳಬೇಕು. ಹೆಸರು ಬಾಯಿಗೆ ಬಂದರೆ ಉತ್ತರ ಕೈಗೆ ಬರುತ್ತದೆ. ಅವಳಿಟ್ಟ ಹೆಸರಿನಲ್ಲೇ ಮುಂದೆ ಹೇಳುತ್ತೇನೆ.

ಬಾವಲಿ. ಗ್ರಿಮ್ ನೆಲದ ಮೇಲೆ ಕಾಣಿಸಿಕೊಂಡು ಕೇಪನ್ನು ಅಗಲವಾಗಿ ತೆರೆದು ಬೆಂಕಿಯ ಬಾವಲಿಗಳನ್ನು ಬಿಡುತ್ತಾನೆ, ಒಂದು ಮೇಲೆ, ಒಂದು ಕೆಳಗೆ. ದೂರದಲ್ಲಿ ನಿಂತು ಒಂದೊಂದನ್ನೇ ಹಾರಿ ಬಗ್ಗಿ ತಪ್ಪಿಸಿಕೊಳ್ಳುವುದು ಕಷ್ಟದ ದಾರಿ. ಅವನ ಕಡೆಗೇ ಹಾರಿ, ಶೇಡ್ ಕ್ಲೋಕ್‌ನಲ್ಲಿ ಅವನನ್ನು ದಾಟಿ ಬೆನ್ನ ಹಿಂದೆ ಇಳಿಯಿರಿ. ಬಾವಲಿಗಳು ಆ ಕಡೆ ಹೋಗುತ್ತಿರುತ್ತವೆ, ನೀವು ಈ ಕಡೆ. ಇಡೀ ಕಾದಾಟದಲ್ಲಿ ಏಟು ಹಾಕಲು ಸಿಗುವ ಅತ್ಯುತ್ತಮ ಜಾಗಗಳಲ್ಲಿ ಇದೊಂದು. ಬೆನ್ನ ಹಿಂದೆ ನಿಂತು ಶ್ರೀಕ್ ಹಾಕಿ, ಸಮಯ ಉಳಿದರೆ ನೇಲ್.

ಎರಗು. ಗಾಳಿಯಲ್ಲಿ ಪ್ರತ್ಯಕ್ಷನಾಗಿ, ಕೇಪ್ ಸುತ್ತಿಕೊಂಡು ತಿರುಗುತ್ತಾ ನೀವಿದ್ದ ಜಾಗಕ್ಕೆ ಓರೆಯಾಗಿ ಬಂದು ಚುಚ್ಚುತ್ತಾನೆ. ಅಲ್ಲಿಗೆ ಮುಗಿಯಲಿಲ್ಲ. ನೆಲ ತಾಗಿದ ತಕ್ಷಣ ನಿಮ್ಮ ಕಡೆಗೆ ನೆಲದ ಉದ್ದಕ್ಕೂ ನುಗ್ಗುತ್ತಾನೆ, ಹಿಂದೆ ಬೆಂಕಿಯ ಗೆರೆ ಬಿಡುತ್ತಾನೆ. ಹಾಗಾಗಿ ಇದಕ್ಕೆ ಎರಡು ಉತ್ತರ, ಒಂದರ ಹಿಂದೊಂದು: ಮೊದಲು ಡ್ಯಾಶ್, ಆಮೇಲೆ ಜಂಪ್. ಡ್ಯಾಶ್ ಅವನ ಕಡೆಗೆ ಮಾಡಿ, ಅವನ ಕೆಳಗಿನಿಂದ. ಆಗ ಅವನು ನಿಮ್ಮ ಬೆನ್ನ ಹಿಂದೆ ಬೀಳುತ್ತಾನೆ. ಮೊದಲ ಅರ್ಧಕ್ಕೆ ಶೇಡ್ ಕ್ಲೋಕ್ ಖರ್ಚು ಮಾಡಬೇಕಾಗಿಲ್ಲ, ಹೊರಟ ಸಮಯ ಸರಿಯಿದ್ದರೆ ಸಾಮಾನ್ಯ ಡ್ಯಾಶ್ ಸಾಕು. ನುಗ್ಗಾಟದ ಮೇಲೆ ಹಾರಿದ ನಂತರ ಇಳಿಯುವ ಜಾಗ ನೋಡಿಕೊಳ್ಳಿ. ನೆಲದ ಬೆಂಕಿ ಕೆಲ ಕ್ಷಣ ಉರಿಯುತ್ತಿರುತ್ತದೆ, ಅದರ ಮೇಲೆ ಕಾಲಿಟ್ಟರೂ ಎರಡು ಮಾಸ್ಕ್. ಇಲ್ಲಿ ಏಟಿನ ಆಸೆ ಕಡಿಮೆ ಇರಲಿ.

ಗುಮ್ಮು. ನನ್ನ ಪ್ರಕಾರ ಅತಿ ಹೆಚ್ಚು ಜನರನ್ನು ಕೊಲ್ಲುವ ವರಸೆ ಇದು. ಇದನ್ನು ಹತ್ತಿರದಿಂದ ನೋಡೋಣ. ಗ್ರಿಮ್ ನೆಲದ ಮೇಲೆ ಕಾಣಿಸಿಕೊಳ್ಳುತ್ತಾನೆ, ಆದರೆ ಬಾವಲಿ ವರಸೆಯಂತೆ ನೆಟ್ಟಗೆ ನಿಲ್ಲುವುದಿಲ್ಲ. ಮೈ ಬಗ್ಗಿರುತ್ತದೆ, ಕೇಪ್ ಹಿಂದಕ್ಕೆ ಸೆಳೆದಿರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೆಲದ ಮೇಲೆ ಜಾರಿ ಬಂದು, ನಿಮ್ಮ ಬಳಿ ತಲುಪಿದಾಗ ಮುಷ್ಟಿ ಎತ್ತಿ ನೇರ ಮೇಲಕ್ಕೆ ಹಾರುತ್ತಾನೆ. ಮೇಲೆ ಹೋಗಿ ಸಿಡಿಯುತ್ತಾನೆ, ಸಿಡಿದ ಬೆಂಕಿಯುಂಡೆಗಳು ಅಖಾಡದ ಉದ್ದಕ್ಕೂ ಮಳೆಯಂತೆ ಬೀಳುತ್ತವೆ. ಹಿಂದಕ್ಕೆ ಓಡಿದರೆ ಅವನು ಹಿಡಿಯುತ್ತಾನೆ. ಮೇಲಕ್ಕೆ ಹಾರಿದರೆ ಏರುವ ಮುಷ್ಟಿಗೆ ನೀವಾಗಿಯೇ ಮುಖ ಕೊಟ್ಟಂತೆ. ಸರಿಯಾದ ಉತ್ತರ ಒಂದೇ: ಅವನು ಜಾರಲು ಶುರುಮಾಡಿದಾಗ ಅವನೊಳಗಿಂದ ಶೇಡ್ ಕ್ಲೋಕ್ ಡ್ಯಾಶ್. ಆಚೆ ಬದಿಯಲ್ಲಿ ತಿರುಗಿದಾಗ ಅವನ ಬೆನ್ನು ನಿಮ್ಮ ಮುಂದೆ ಇರುತ್ತದೆ, ಏರುವ ಮುನ್ನ ಒಂದು ಏಟು. ಒಂದೇ. ಆಮೇಲೆ ಅವನನ್ನು ಮರೆತು ತಲೆ ಎತ್ತಿ ಉಂಡೆಗಳನ್ನು ನೋಡಬೇಕು. ಅವು ನಡುವೆ ಜಾಗ ಬಿಟ್ಟುಕೊಂಡೇ ಬೀಳುತ್ತವೆ. ಹತ್ತಿರದ ಎರಡು ಉಂಡೆಗಳ ನಡುವೆ ನಿಂತರೆ ಸಾಕು, ಎರಡು ಹೆಜ್ಜೆಗಿಂತ ಹೆಚ್ಚು ಓಡಾಡುವ ಅಗತ್ಯವಿಲ್ಲ. ಕಷ್ಟವಾಗುವುದು ಇಲ್ಲೇ: ಡ್ಯಾಶ್ ಸರಿಯಾಗಿ ಬಂದ ಖುಷಿಯಲ್ಲಿ ಎರಡನೇ ಏಟು ಹಾಕಲು ನಿಂತಾಗ ಮೇಲಿಂದ ಉಂಡೆ ತಲೆಗೆ ಬೀಳುತ್ತದೆ.

ಶೇಡ್ ಕ್ಲೋಕ್ ಮತ್ತೆ ಸಿದ್ಧವಾಗಲು ಸುಮಾರು ಒಂದೂವರೆ ಸೆಕೆಂಡು ಬೇಕು. ಸಿದ್ಧವಾದಾಗ ನೈಟ್‌ನ (ನೀವು ಆಡಿಸುವ ಪಾತ್ರ) ಮೈಮೇಲೆ ಕಪ್ಪು ನೆರಳು ಒಮ್ಮೆ ಕೂಡಿಕೊಂಡಂತೆ ಕಾಣುತ್ತದೆ. ಆ ಗುರುತು ಕಣ್ಣಿಗೆ ಬೀಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಗಾಬರಿಯಲ್ಲಿ ಸುಮ್ಮನೆ ಡ್ಯಾಶ್ ಒತ್ತಿದರೆ ಮುಂದಿನ ಗುಮ್ಮಿಗೆ ಕೈ ಖಾಲಿ ಇರುತ್ತದೆ. ಡ್ಯಾಶ್ ಉಳಿಸಿಕೊಳ್ಳುವುದು ಇಲ್ಲಿ ಮಾಸ್ಕ್ ಉಳಿಸಿಕೊಂಡಷ್ಟೇ ಮುಖ್ಯ.

ಮುಳ್ಳು ಸುಲಭ. ಅವನು ಕೇಪನ್ನು ನೆಲಕ್ಕೆ ಇಳಿಸುತ್ತಾನೆ, ಅಖಾಡದ ಉದ್ದಕ್ಕೂ ಸಮ ಅಂತರದಲ್ಲಿ ಮುಳ್ಳುಗಳು ಏಳುತ್ತವೆ. ಪೂರ್ತಿ ಏಳುವ ಮುನ್ನ ತುದಿ ಕಾಣುತ್ತದೆ. ಎರಡು ತುದಿಗಳ ನಡುವೆ ಹೋಗಿ ನಿಂತು ಅಲುಗಾಡದಿರಿ. ಉಸಿರಾಡಲು ಒಳ್ಳೆಯ ಜಾಗ. ಬೇಗ ಹೀಲ್ ಮಾಡಿಸುವ ಕ್ವಿಕ್ ಫೋಕಸ್ ಚಾರ್ಮ್ ಹಾಕಿದವರಿಗೆ ಹೀಲ್ ಕೂಡ ಸಲೀಸು. ಅದಿಲ್ಲದವರಿಗೆ ಒಂದು ಮಾಸ್ಕ್‌ಗೆ ಒಂದು ಸೆಕೆಂಡಿಗಿಂತ ಹೆಚ್ಚೇ ಬೇಕು. ಜೋಡಿಯ ಲೆಕ್ಕ ನೆನಪಿಟ್ಟುಕೊಂಡು ಮಾಡಿ. ನಿಮ್ಮ ಬಳಿ ಈಗಾಗಲೇ ಸಮಸಂಖ್ಯೆಯ ಮಾಸ್ಕ್ ಇದ್ದರೆ ಇಲ್ಲಿ ಸಿಗುವ ಒಂದು ಹೀಲ್ ಕೂಡ ಬೆಲೆಬಾಳುತ್ತದೆ.

ಕಂಬ. ಮೊದಲ ಗ್ರಿಮ್ ಬಳಿ ಇಲ್ಲದ ವರಸೆ ಇದು. ಹಾಗಾಗಿ ಮೊದಲ ಸಲ ಎಲ್ಲರೂ ಬೆಚ್ಚಿಬೀಳುತ್ತಾರೆ. ಗ್ರಿಮ್ ಮೇಲೆ ಗಾಳಿಯಲ್ಲಿ ತೇಲುತ್ತಿರುತ್ತಾನೆ, ನಿಮ್ಮ ಕಾಲ ಕೆಳಗೆ ನೆಲ ಕೆಂಪಾಗುತ್ತದೆ, ಅಲ್ಲಿಂದ ಬೆಂಕಿಯ ಕಂಬ ಚಾವಣಿಯವರೆಗೆ ಏಳುತ್ತದೆ. ನೀವು ಸರಿದರೆ ಮುಂದಿನ ಕಂಬ ನೀವು ಹೊಸದಾಗಿ ನಿಂತಲ್ಲಿ. ಒಂದರ ಹಿಂದೊಂದು ನಿಮ್ಮನ್ನೇ ಹುಡುಕಿಕೊಂಡು ಬರುತ್ತವೆ. ನೋಡಲು ಭಯಂಕರ, ಆದರೆ ನನಗೆ ಇಡೀ ಕಾದಾಟದಲ್ಲಿ ಅತಿ ಪ್ರಿಯವಾದ ಘಳಿಗೆ ಇದೇ. ನೆಲ ಕೆಂಪಾದ ಮೇಲೆ ಆ ಕಂಬದ ಜಾಗ ಬದಲಾಗುವುದಿಲ್ಲ, ಅದರ ಪಕ್ಕಕ್ಕೆ ಒಂದೆರಡು ಹೆಜ್ಜೆ ನಡೆದರೆ ಸಾಕು. ಡ್ಯಾಶ್ ಬೇಡ, ನಡಿಗೆ ಸಾಕು. ಆ ನಡಿಗೆ ಗ್ರಿಮ್‌ನ ಕಡೆಗೇ ಇರಲಿ. ಹಾಗೆ ಕಂಬಗಳನ್ನು ಹಿಂದೆ ಬಿಡುತ್ತಾ ಅವನ ಕೆಳಗೆ ತಲುಪುತ್ತೀರಿ. ಒಂದು ಕಂಬದಿಂದ ಸರಿದ ಕೂಡಲೇ, ಮುಂದಿನದು ಏಳುವ ಮುನ್ನ, ಮೇಲ್ಮುಖವಾಗಿ ಅಬಿಸ್ ಶ್ರೀಕ್. ಪೂರ್ತಿ 120 ಅವನ ಮೈಗೆ ತಾಗುತ್ತದೆ. ಶ್ರೀಕ್ ಹಾಕುವಾಗ ನೈಟ್ ನಿಂತಲ್ಲೇ ನಿಲ್ಲುತ್ತಾನೆ, ರಕ್ಷಣೆಯೂ ಇರುವುದಿಲ್ಲ. ಹಾಗಾಗಿ ಸರಿಯಿರಿ, ಶ್ರೀಕ್, ಮತ್ತೆ ಸರಿಯಿರಿ ಎಂಬ ಲಯ ತಪ್ಪಬಾರದು. ಲಯ ಸಿಕ್ಕ ಮೇಲೆ ಒಂದು ಕಂಬದ ಸುತ್ತಿನಲ್ಲಿ ಎರಡು ಶ್ರೀಕ್ ಹಾಕಬಹುದು.

ಬಲೂನು. ಗ್ರಿಮ್ ಅಖಾಡದ ನಡುವೆ ಗಾಳಿಯಲ್ಲಿ ಉಬ್ಬಿ ನಿಂತು ಎಲ್ಲ ದಿಕ್ಕಿಗೂ ಬೆಂಕಿಯುಂಡೆ ಉಗುಳುತ್ತಾನೆ. ಇದು ಯಾವಾಗ ಬೇಕಾದರೆ ಆಗ ಬರುವ ವರಸೆಯಲ್ಲ. ಅವನ ಜೀವ ಮುಕ್ಕಾಲಿಗೆ ಇಳಿದಾಗ ಒಮ್ಮೆ, ಅರ್ಧಕ್ಕೆ ಒಮ್ಮೆ, ಕಾಲಿಗೆ ಒಮ್ಮೆ. ಈ ಆಟದಲ್ಲಿ ಬಾಸ್‌ಗಳ ಜೀವ ತೋರಿಸುವ ಪಟ್ಟಿ ಇಲ್ಲ, ಹಾಗಾಗಿ ನೀವು ಎಲ್ಲಿದ್ದೀರಿ ಎಂದು ತಿಳಿಯಲು ಈ ಬಲೂನುಗಳೇ ಗುರುತು. ಮನಸ್ಸಿನಲ್ಲಿ ಎಣಿಸಿಕೊಳ್ಳಿ. ಆಗ ಅವನನ್ನು ಹೊಡೆಯಲು ನಾನು ಹೋಗುವುದಿಲ್ಲ. ದೂರ ಸರಿದು, ಉಂಡೆಗಳ ನಡುವಿನ ಜಾಗ ಅಗಲವಾಗುವಲ್ಲಿ ನಿಂತು, ಸಣ್ಣ ಸಣ್ಣ ಹೆಜ್ಜೆಯಲ್ಲಿ ತಪ್ಪಿಸಿಕೊಳ್ಳುತ್ತೇನೆ. ದೊಡ್ಡ ಜಿಗಿತ ಮಾಡಿದವರು ಒಂದನ್ನು ತಪ್ಪಿಸಿ ಇನ್ನೊಂದಕ್ಕೆ ಸಿಕ್ಕುತ್ತಾರೆ.

ಇವಲ್ಲದೆ ಇನ್ನೊಂದು ಬಿಡುವು ಇದೆ. ಸಾಕಷ್ಟು ಏಟು ಬಿದ್ದಾಗ ಗ್ರಿಮ್ ತತ್ತರಿಸಿ ಸಣ್ಣ ಬಾವಲಿಗಳ ಹಿಂಡಾಗಿ ಒಡೆಯುತ್ತಾನೆ. ಅವುಗಳಲ್ಲಿ ನಿಜವಾದವನು ಒಬ್ಬನೇ. ಅವನನ್ನು ಹುಡುಕಿ ಹೊಡೆಯಲೂಬಹುದು, ಆದರೆ ನನ್ನ ಅಭಿಪ್ರಾಯದಲ್ಲಿ ಅಷ್ಟು ಸಮಯವನ್ನು ಹೀಲ್‌ಗೆ ಇಡುವುದು ಲೇಸು. ಎರಡು ಮಾಸ್ಕ್ ಒಟ್ಟಿಗೆ ತುಂಬಿಕೊಳ್ಳುವಷ್ಟು ನೆಮ್ಮದಿ ಸಿಗುವುದು ಇಲ್ಲಿ. ಮಾಸ್ಕ್ ಸಾಕಷ್ಟಿದ್ದರೆ ಬಾವಲಿ ಬೇಟೆಗೆ ಹೋಗಿ, ಚಿಂತೆಯಿಲ್ಲ.

ಡಿಸೆಂಡಿಂಗ್ ಡಾರ್ಕ್ ಬಗ್ಗೆ ಒಂದು ಮಾತು. ಅದು ಕೆಳಗಿಳಿಯುವಷ್ಟು ಹೊತ್ತೂ, ಇಳಿದ ಒಂದು ಕ್ಷಣವೂ ನಿಮಗೆ ಏಟು ತಾಗುವುದಿಲ್ಲ. ನಾನು ಅದನ್ನು ದಾಳಿಗಿಂತ ಹೆಚ್ಚಾಗಿ ತಪ್ಪಿಸಿಕೊಳ್ಳುವ ಕೊನೆಯ ದಾರಿಯಾಗಿ ಇಟ್ಟುಕೊಂಡಿರುತ್ತೇನೆ. ಗಾಳಿಯಲ್ಲಿದ್ದೀರಿ, ಕೆಳಗೆ ಗ್ರಿಮ್ ನುಗ್ಗುತ್ತಿದ್ದಾನೆ, ಶೇಡ್ ಕ್ಲೋಕ್ ಇನ್ನೂ ಸಿದ್ಧವಿಲ್ಲ: ಆಗ ಅದು ಪ್ರಾಣ ಉಳಿಸುತ್ತದೆ, ಜೊತೆಗೆ ಅವನಿಗೂ ತಾಗುತ್ತದೆ. ಹಾಗಾಗಿ ಸೋಲ್ ಪೂರ್ತಿ ಬರಿದು ಮಾಡದೆ ಒಂದು ಸ್ಪೆಲ್‌ಗೆ ಆಗುವಷ್ಟು ಯಾವಾಗಲೂ ಉಳಿಸಿಕೊಳ್ಳಿ.

ಏಟು ತಿಂದ ಮೇಲೆ ಏನು ಮಾಡಬೇಕು ಎಂಬುದನ್ನೂ ಮೊದಲೇ ನಿರ್ಧರಿಸಿಕೊಂಡಿರಬೇಕು. ಏಟು ಬಿದ್ದ ನಂತರ ಸುಮಾರು 1.3 ಸೆಕೆಂಡು ನಿಮಗೆ ಮತ್ತೊಂದು ಏಟು ತಾಗುವುದಿಲ್ಲ. ಆ ಹೊತ್ತಿನಲ್ಲಿ ಸಿಟ್ಟಿನಿಂದ ತಿರುಗಿ ಹೊಡೆಯಲು ಹೋಗದೆ ಅಖಾಡದ ಮಧ್ಯಕ್ಕೆ ಬನ್ನಿ. ಮೂಲೆಯಲ್ಲಿ ಸಿಕ್ಕಿಕೊಂಡರೆ ಗುಮ್ಮಿನಿಂದಲೂ ಬಾವಲಿಯಿಂದಲೂ ಆಚೆ ಹೋಗಲು ಜಾಗ ಇರುವುದಿಲ್ಲ. ಮಧ್ಯದಲ್ಲಿದ್ದರೆ ಎರಡು ಬದಿಗೂ ದಾರಿ ಇರುತ್ತದೆ.

ಟಿವಿಯಲ್ಲಿ ಆಡುವವರು ಗೇಮ್ ಮೋಡ್ ಹಾಕಿಕೊಳ್ಳಿ. ಬಟನ್ ಒತ್ತಿದ್ದಕ್ಕೂ ಪರದೆಯ ಮೇಲೆ ಆಗುವುದಕ್ಕೂ ನಡುವೆ ಚೂರು ತಡವಾದರೂ ಗುಮ್ಮು ತಪ್ಪಿಸಲು ಆಗುವುದಿಲ್ಲ. ಶಬ್ದ ಜೋರಾಗಿಯೇ ಇರಲಿ. ಗ್ರಿಮ್ ಬಾಯಿಂದ ಹೊರಡುವ ಕೂಗುಗಳು ವರಸೆಯ ಸುಳಿವು ಕೊಡುತ್ತವೆ. ಕ್ರಿಸ್ಟೋಫರ್ ಲಾರ್ಕಿನ್ ಸಂಗೀತವೂ ಹಿಂದೆ ಮಿಡಿಯುವ ಆ ದೊಡ್ಡ ಕೆಂಪು ಹೃದಯವೂ ಸೇರಿ ಮೈಯಲ್ಲಿ ಬಿಸಿ ಏರಿಸುತ್ತವೆ, ಅದನ್ನು ಅನುಭವಿಸಲೇಬೇಕು. ಈ ಆಟದ ಕಾದಾಟಗಳಲ್ಲಿ ಇಷ್ಟು ನ್ಯಾಯವಾದದ್ದು, ಇಷ್ಟು ಚಂದದ್ದು ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ. ಒಂದೇ ಒಂದು ಏಟೂ ಅವನು ಮುನ್ಸೂಚನೆ ಕೊಡದೆ ಹಾಕುವುದಿಲ್ಲ.

ಸ್ಪೆಲ್ ಕೈಗೆ ಹತ್ತದವರಿಗೆ ಬೇರೆ ದಾರಿ ಇದೆ: ಅನ್‌ಬ್ರೇಕಬಲ್ ಸ್ಟ್ರೆಂತ್ (3), ಕ್ವಿಕ್ ಸ್ಲಾಶ್ (3), ಮಾರ್ಕ್ ಆಫ್ ಪ್ರೈಡ್ (3), ಶಾರ್ಪ್ ಶ್ಯಾಡೋ (2). ಶಾರ್ಪ್ ಶ್ಯಾಡೋ ಇದ್ದರೆ ಅವನೊಳಗಿಂದ ದಾಟುವ ಪ್ರತಿ ಡ್ಯಾಶ್ ಕೂಡ ಏಟಾಗುತ್ತದೆ, ಡ್ಯಾಶ್ ಉದ್ದವೂ ಆಗುತ್ತದೆ. ಗುಮ್ಮಿಗೆ ಇದು ಹೇಳಿ ಮಾಡಿಸಿದ್ದು. ಕಂಬದ ಸುತ್ತಿನಲ್ಲಿ ಮಾತ್ರ ನಿಮಗೆ ಅಷ್ಟು ಲಾಭ ಸಿಗುವುದಿಲ್ಲ, ಕಾದಾಟ ಉದ್ದವಾಗುತ್ತದೆ.

ಕೊನೆಯ ಕಾಲು ಭಾಗಕ್ಕೆ ಬನ್ನಿ. ಮೂರನೇ ಬಲೂನು ಮುಗಿದ ಮೇಲೆ ಹೊಸ ವರಸೆ ಏನೂ ಬರುವುದಿಲ್ಲ. ಅದೇ ಆರು, ಅದೇ ಉತ್ತರ. ಕೈ ಬೆವರುವುದು ನಿಮಗೆ ಮಾತ್ರ. ನಾನು ಅಲ್ಲಿಗೆ ಬಂದಾಗ ಹೀಲ್ ಯೋಚನೆಯನ್ನೇ ಬಿಟ್ಟು ವರಸೆಗಳ ಹೆಸರನ್ನು ಇನ್ನೂ ಜೋರಾಗಿ ಹೇಳುತ್ತೇನೆ. ಅಲ್ಲಿಯವರೆಗೆ ಕೂಡಿಟ್ಟ ಸೋಲ್ ಎಲ್ಲವನ್ನೂ ಬಾವಲಿಗೂ ಕಂಬಕ್ಕೂ ಸುರಿಯುತ್ತೇನೆ. ಗುಮ್ಮಿಗೂ ಎರಗಿಗೂ ಒಂದೇ ಏಟು, ಕೊನೆಯ ಕ್ಷಣದವರೆಗೂ ಒಂದೇ ಏಟು.

ಗೆದ್ದ ಮೇಲೆ ಅಚೀವ್‌ಮೆಂಟ್ ಅಲ್ಲೇ ಬರುತ್ತದೆ. ಗ್ರಿಮ್‌ಚೈಲ್ಡ್ ತನ್ನ ಕೊನೆಯ ರೂಪಕ್ಕೆ ಬೆಳೆದು, ಒಂದು ಉಂಡೆಗೆ 11 ಡ್ಯಾಮೇಜ್ ಕೊಡುವಂತಾಗುತ್ತದೆ. ಆದರೂ ಎರಡು ನಾಚ್ ಕೇಳುವ ಅದನ್ನು ಮುಂದಿನ ದೊಡ್ಡ ಬಾಸ್‌ಗಳಿಗೆ ನಾನು ಹಾಕಿಕೊಳ್ಳುವುದಿಲ್ಲ, ಅಲೆದಾಡುವಾಗ ಜೊತೆಗಿರಲಿ ಎಂದು ಇಟ್ಟುಕೊಳ್ಳುತ್ತೇನೆ. 'ಬ್ಯಾನಿಶ್‌ಮೆಂಟ್' ಕೂಡ ಬೇಕಿದ್ದರೆ ಇನ್ನೊಂದು ಸ್ಲಾಟ್‌ನಲ್ಲಿ ಹೊಸ ಆಟ ತೆರೆದು, ಟ್ರೂಪ್ ಮಾಸ್ಟರ್ ಗ್ರಿಮ್‌ನನ್ನು ಗೆದ್ದ ಮೇಲೆ ಬ್ರಮ್‌ನನ್ನು ಹುಡುಕಿಕೊಂಡು ಹೋಗಿ.